ಇಲ್ಲದ ನನ್ನ ಮತ ನ್ಯಾಯಮೂರ್ತಿ ಖನ್ನಾ ಅವರಿಗೆ: ಆನಂದಪುರದಿಂದ ರಾಷ್ಟ್ರಪತಿ ಚುನಾವಣೆಯ ಲೆಕ್ಕ

ರಾಷ್ಟ್ರಪತಿ ಚುನಾವಣೆಯಲ್ಲಿ ನನಗೆ ಮತವಿಲ್ಲ. ನಿಮಗೂ ಇಲ್ಲ. ಗ್ರಾಮ ಪಂಚಾಯಿತಿಯಿಂದ ಲೋಕಸಭೆಯವರೆಗೆ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವ ನಾವು, ದೇಶದ ಅತ್ಯುನ್ನತ ಹುದ್ದೆಯ ವಿಷಯ ಬಂದಾಗ ಟಿ.ವಿ. ನೋಡುವವರು ಅಷ್ಟೇ. ಹಾಗಂತ ಆ ಚುನಾವಣೆ ನಮಗೆ ಸಂಬಂಧಪಟ್ಟಿದ್ದಲ್ಲ ಅಂತ ಕೈತೊಳೆದುಕೊಳ್ಳೋದು ನನಗೆ ಸರಿ ಕಾಣಲ್ಲ. 2027ರ ಜುಲೈನಲ್ಲಿ ದ್ರೌಪದಿ ಮುರ್ಮು ಅವರ ಐದು ವರ್ಷ ಮುಗಿಯುತ್ತದೆ. ಹೆಸರುಗಳು ಹೊರಬಿದ್ದ ದಿನದಿಂದ ವಾಟ್ಸಾಪ್‌ನಲ್ಲಿ ಜಾತಿ, ರಾಜ್ಯ, ಪಕ್ಷದ ಲೆಕ್ಕ ಶುರುವಾಗುತ್ತದೆ. ಅದಕ್ಕೂ ಮೊದಲು, ಯಾವ ಪಕ್ಷಕ್ಕೂ ಸೇರದ ನನ್ನಂಥ ಮತದಾರ ಒಬ್ಬ ರಾಷ್ಟ್ರಪತಿ ಅಭ್ಯರ್ಥಿಯನ್ನು ಯಾವ ಕಾರಣಕ್ಕೆ ಬೆಂಬಲಿಸಬಹುದು ಅನ್ನೋದನ್ನ ಬರೆದಿಡಬೇಕು ಅನ್ನಿಸಿತು. ಅದಕ್ಕೆ ನಾನು ಆರಿಸಿಕೊಂಡಿರೋದು ಸೋತವರೊಬ್ಬರನ್ನ. 1982ರಲ್ಲಿ ಗ್ಯಾನಿ ಜೈಲ್ ಸಿಂಗ್ ವಿರುದ್ಧ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ ನಿಂತಿದ್ದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರನ್ನ. ಆಗ ನಾನು ಹುಟ್ಟಿರಲೂ ಇಲ್ಲ. ಪರವಾಗಿಲ್ಲ. ಹೇಗೂ ಮತ ಇಲ್ಲ ಅಂದಮೇಲೆ ಯಾವ ವರ್ಷದ ಚುನಾವಣೆಯಾದರೇನು?

ಮೊದಲು 131ರ ಲೆಕ್ಕ

ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು ಮತ್ತು ವಿಧಾನಸಭೆಗಳ ಚುನಾಯಿತ ಶಾಸಕರು. ನಾಮಕರಣಗೊಂಡವರಿಗೆ ಮತವಿಲ್ಲ, ವಿಧಾನ ಪರಿಷತ್ತಿನವರಿಗೂ ಇಲ್ಲ. ಆನಂದಪುರದವರ ಪಾಲು ಸಾಗರ ಕ್ಷೇತ್ರದ ಶಾಸಕರ ಕೈಯಲ್ಲಿ ಮತ್ತು ಶಿವಮೊಗ್ಗ ಸಂಸದರ ಕೈಯಲ್ಲಿ ಇರುತ್ತದೆ.

ಶಾಸಕರ ಮತಕ್ಕೆ ಒಂದು ಬೆಲೆ ಕಟ್ಟುತ್ತಾರೆ. ರಾಜ್ಯದ 1971ರ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸುವುದು. ಕರ್ನಾಟಕದ್ದು 2,92,99,014. ಅದನ್ನು 224ರಿಂದ ಭಾಗಿಸಿ ಸಾವಿರಕ್ಕೆ ಇಳಿಸಿದರೆ 131. ಇಡೀ ವಿಧಾನಸಭೆಗೆ 29,344. ಉತ್ತರ ಪ್ರದೇಶದ ಶಾಸಕರ ಮತಕ್ಕೆ 208, ಸಿಕ್ಕಿಂನವರದಕ್ಕೆ 7. ಎಲ್ಲ ರಾಜ್ಯಗಳ ಶಾಸಕರ ಒಟ್ಟು ಬೆಲೆಯನ್ನು ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಸಂಸದರ ಮತದ ಬೆಲೆ ಸಿಗುತ್ತದೆ. 2022ರಲ್ಲಿ ಅದು 700 ಆಗಿತ್ತು. 2011ರ ಜನಗಣತಿಯಲ್ಲಿ ಕರ್ನಾಟಕದ ಜನ ಆರು ಕೋಟಿ ದಾಟಿದ್ದರೂ ಲೆಕ್ಕ ಮಾತ್ರ ಇನ್ನೂ 1971ರದ್ದೇ. ಜನಸಂಖ್ಯೆ ಹಿಡಿತಕ್ಕೆ ತಂದ ರಾಜ್ಯಗಳಿಗೆ ಶಿಕ್ಷೆಯಾಗಬಾರದು ಅನ್ನೋದು ಅದಕ್ಕೆ ಕಾರಣ.

ಮತಪತ್ರದಲ್ಲಿ ಹೆಸರುಗಳ ಮುಂದೆ 1, 2, 3 ಅಂತ ಪ್ರಾಶಸ್ತ್ಯ ಬರೆಯಬೇಕು. 2022ರಲ್ಲಿ ಇಬ್ಬರೇ ಅಭ್ಯರ್ಥಿಗಳಿದ್ದರೂ ಶಾಸಕರು, ಸಂಸದರು ಸೇರಿ 53 ಜನರ ಮತ ಅಸಿಂಧುವಾಯಿತು. ಕಾನೂನು ಮಾಡುವವರು ಇವರೇ, ನೋಡಿ.

ನಮಗೆ ಮುಖ್ಯವಾದ ಸಂಗತಿ ಬೇರೆ ಇದೆ. ಈ ಚುನಾವಣೆಯಲ್ಲಿ ಪಕ್ಷಗಳು ವಿಪ್ ಕೊಡುವಂತಿಲ್ಲ. ಮತ ಗುಪ್ತ. ಅಡ್ಡಮತ ಹಾಕಿದರೆ ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯಿಸಲ್ಲ. ಅಂದರೆ, ಸದನದೊಳಗೆ ಪಕ್ಷ ಹೇಳಿದಂತೆ ಕೈ ಎತ್ತಬೇಕಾದ ನಮ್ಮ ಶಾಸಕರು ಅಪರೂಪಕ್ಕೆ ಸ್ವತಂತ್ರ ಮತದಾರರಾಗುವುದು ಇಲ್ಲಿ. ಐದು ವರ್ಷಕ್ಕೊಮ್ಮೆ ಅವರೂ ನನ್ನ ಹಾಗೆ.

ಆ ಸ್ವಾತಂತ್ರ್ಯ ಒಮ್ಮೆ ಕೆಲಸ ಮಾಡಿತ್ತು

ಅದು 1969. ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ ನಾಯಕರು ಇಂದಿರಾ ಗಾಂಧಿಯವರ ಮನಸ್ಸಿಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿ ಮಾಡಿದರು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಇಂದಿರಾ ವಿಪ್ ಕೊಡಲು ಒಪ್ಪದೆ ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು. ಆಗಸ್ಟ್ 16ರಂದು ಮತದಾನ. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡನೇ ಪ್ರಾಶಸ್ತ್ಯದ ಮತ ಸೇರಿಸಿದ ಮೇಲೆ ಗಿರಿ ಅವರಿಗೆ 4,20,077, ರೆಡ್ಡಿ ಅವರಿಗೆ 4,05,427. ಆಗ ತೀರ್ಥಹಳ್ಳಿಯ ಶಾಸಕರಾಗಿದ್ದವರು ಸಮಾಜವಾದಿ ಶಾಂತವೇರಿ ಗೋಪಾಲಗೌಡರು. ಆ ಚುನಾವಣೆಯಲ್ಲಿ ಮಲೆನಾಡಿಗೆ ಇದ್ದ ಕೆಲವೇ ಮತಗಳಲ್ಲಿ ಒಂದು ಅವರದ್ದು.

ಆತ್ಮಸಾಕ್ಷಿ ಅನ್ನೋ ಪದ ಅವತ್ತಿನಿಂದ ರಾಜಕೀಯದಲ್ಲಿ ಬಹಳ ಸವೆದುಹೋಗಿದೆ. ಅವತ್ತೂ ಅದು ಪೂರ್ತಿ ಶುದ್ಧವಾಗೇನೂ ಇರಲಿಲ್ಲ, ಪಕ್ಷದೊಳಗಿನ ಅಧಿಕಾರದ ಜಗಳಕ್ಕೆ ಹಾಕಿದ ಒಳ್ಳೆಯ ಅಂಗಿ ಅದು. ಆದರೂ ಒಂದು ಮಾತು ಸಾಬೀತಾಯ್ತು: ಪಕ್ಷದ ಅಭ್ಯರ್ಥಿ ಸೋಲಬಹುದು. ಆಮೇಲೆ ಅಂಥದ್ದು ಮತ್ತೆ ಆಗಲಿಲ್ಲ. 1977ರಲ್ಲಿ ಅದೇ ರೆಡ್ಡಿ ಅವಿರೋಧವಾಗಿ ಆಯ್ಕೆಯಾದರು.

ಗೇಣಿ ಮನೆಯ ಮೊಮ್ಮಗ ಖನ್ನಾ ಅವರನ್ನ ಯಾಕೆ ಮೆಚ್ಚಬೇಕು

ನಮ್ಮದು ಗೇಣಿ ಮನೆ. ಅಜ್ಜ ಬೇರೆಯವರ ಗದ್ದೆ ಉಳುತ್ತಿದ್ದವರು. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ದೀವರ ಗೇಣಿದಾರರು ಕೊಳಗದ ಅಳತೆಯ ಅನ್ಯಾಯದ ವಿರುದ್ಧ ಎಚ್. ಗಣಪತಿಯಪ್ಪ ಅವರ ಜೊತೆ ನಿಂತು ಸತ್ಯಾಗ್ರಹ ಹೂಡಿದ್ದು, ಅದಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಮರುವರ್ಷ ಸಾಗರ-ಹೊಸನಗರದಿಂದ ಗೋಪಾಲಗೌಡರು ಗೆದ್ದದ್ದು, ಇದೆಲ್ಲ ಈ ಕಡೆಯ ಮನೆಗಳಲ್ಲಿ ಕತೆಯಾಗಿ ಉಳಿದಿದೆ. ಆದರೆ ಭೂಮಿ ನಿಜಕ್ಕೂ ಕೈಗೆ ಬಂದದ್ದು ದೇವರಾಜ ಅರಸು ಕಾಲದಲ್ಲಿ. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ಏಳನೇ ನಮೂನೆಯ ಅರ್ಜಿ ಹಾಕೋದಕ್ಕೆ ನಮ್ಮ ಕಡೆ ‘ಡಿಕ್ಲರೇಶನ್ ಕೊಡೋದು’ ಅಂತಿದ್ದರು. ತಾಲ್ಲೂಕಿನ ಭೂ ನ್ಯಾಯಮಂಡಳಿಯಲ್ಲಿ ಒಡೆಯರ ಎದುರು ನಿಂತು ‘ಗದ್ದೆ ಉಳೋದು ನಾನು’ ಅನ್ನುವ ಧೈರ್ಯ ಬಂದದ್ದು ಆಗ.

ಈಗ ಗಂಟು ನೋಡಿ. ಆ ನ್ಯಾಯಮಂಡಳಿಗಳು ಚುರುಕಾಗಿ ಕೆಲಸ ಮಾಡಿದ ವರ್ಷಗಳು ತುರ್ತು ಪರಿಸ್ಥಿತಿಯ ವರ್ಷಗಳೂ ಹೌದು. ಅಜ್ಜನ ಲೆಕ್ಕದಲ್ಲಿ ‘ಎಮರ್ಜೆನ್ಸಿ’ ಅಂದರೆ ಸಾಲ ಮನ್ನಾ, ಸಮಯಕ್ಕೆ ಬರುವ ಬಸ್ಸು, ಹೆದರುವ ಅಧಿಕಾರಿ, ಮನೆಗೆ ಬಂದ ಭೂಮಿ. ಇದು ಅಜ್ಜ ಒಬ್ಬರ ಅಭಿಪ್ರಾಯ ಅಲ್ಲ. 1977ರಲ್ಲಿ ಉತ್ತರ ಭಾರತ ಇಂದಿರಾ ಅವರನ್ನು ಗುಡಿಸಿ ಹಾಕಿದಾಗ ಕರ್ನಾಟಕ 28ರಲ್ಲಿ 26 ಲೋಕಸಭಾ ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತು. ಮರುವರ್ಷ ಪಕ್ಕದ ಚಿಕ್ಕಮಗಳೂರು ಅವರನ್ನು ಮತ್ತೆ ಲೋಕಸಭೆಗೆ ಕಳಿಸಿತು. ಇಂಥ ಮನೆಯಲ್ಲಿ ಕೂತು, ತುರ್ತು ಪರಿಸ್ಥಿತಿಗೆ ಎದುರು ನಿಂತ ನ್ಯಾಯಾಧೀಶರಿಗೆ ನನ್ನ ಮತ ಅನ್ನೋದು ಅಜ್ಜನ ಗದ್ದೆಯಲ್ಲಿ ನಿಂತು ಅಜ್ಜನಿಗೇ ಎದುರಾಡಿದ ಹಾಗೆ. ಆದ್ದರಿಂದ ಕಾರಣ ಗಟ್ಟಿ ಇರಬೇಕು.

ಮೊದಲ ಕಾರಣ ಕಾಸರಗೋಡಿನಿಂದ ಬರುತ್ತದೆ. ಅಲ್ಲಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ, ಕೇರಳದ ಭೂಸುಧಾರಣೆ ಕಾನೂನು ತಮ್ಮ ಮಠದ ಭೂಮಿಯನ್ನು ತೆಗೆದುಕೊಳ್ಳುತ್ತದೆ ಅಂತ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಾಧೀಶರು, 68 ದಿನದ ವಿಚಾರಣೆ. 1973ರ ಏಪ್ರಿಲ್ 24ರಂದು 7–6ರ ತೀರ್ಪು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಅನ್ನೋದು ಅಲ್ಲಿಂದ ಬಂದ ಸೂತ್ರ. ಎರಡು ಸಮಪಾಲಾಗಿದ್ದ ಪೀಠದಲ್ಲಿ ತಕ್ಕಡಿ ವಾಲಿಸಿದ್ದು ಖನ್ನಾ ಅವರ ತೀರ್ಪು. ಅದರಲ್ಲಿ ನಮ್ಮಂಥವರು ಗಮನಿಸಬೇಕಾದ ಇನ್ನೊಂದು ಭಾಗವಿದೆ. ಆಸ್ತಿಯ ಹಕ್ಕು ಆ ಮೂಲ ಸ್ವರೂಪದಲ್ಲಿ ಸೇರಲ್ಲ ಅಂತಲೂ ಅವರು ಹೇಳಿದರು. ಅಂದರೆ, ಭೂಮಾಲೀಕನ ಗದ್ದೆಗೆ ಸಂವಿಧಾನದ ಕೋಟೆ ಇಲ್ಲ, ಪ್ರಜಾಪ್ರಭುತ್ವಕ್ಕೆ ಇದೆ. ಮಠಕ್ಕೆ ಭೂಮಿ ವಾಪಸ್ ಸಿಗಲಿಲ್ಲ, ಆದರೆ ಸ್ವಾಮೀಜಿಯ ಹೆಸರು ಪ್ರತಿ ಕಾನೂನು ವಿದ್ಯಾರ್ಥಿಯ ಬಾಯಲ್ಲಿ ಉಳಿಯಿತು. ನಮ್ಮ ಅಜ್ಜನ ಡಿಕ್ಲರೇಶನ್‌ಗೂ ನನ್ನ ಮಾತಿನ ಹಕ್ಕಿಗೂ ಒಟ್ಟಿಗೆ ಜಾಗ ಬಿಟ್ಟ ತೀರ್ಪು ಅದು. ಭೂಮಿ ಬೇಕಾದರೆ ಬಾಯಿ ಮುಚ್ಚಿಕೊಂಡಿರಬೇಕು ಅನ್ನೋ ವ್ಯಾಪಾರಕ್ಕೆ ಒಪ್ಪಬೇಕಿಲ್ಲ ಅಂತ ನನಗೆ ಗೊತ್ತಾದದ್ದು ಅದನ್ನ ಓದಿದ ಮೇಲೆ.

ಎರಡನೇ ಕಾರಣ ಎಲ್ಲರಿಗೂ ಗೊತ್ತಿರೋದು. ಆದರೂ ಬೆಂಗಳೂರಿನ ಕಡೆಯಿಂದ ಹೇಳ್ತೀನಿ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಚಿವ ಸಂಪುಟ ಸೇರಿದ್ದು ಮರುದಿನ ಬೆಳಿಗ್ಗೆ! ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನಕ್ಕೊಳಗಾಗಿ ಇಲ್ಲಿನ ಸೆಂಟ್ರಲ್ ಜೈಲು ಸೇರಿದರು. ಇವತ್ತು ಪ್ರತಿಭಟನೆಗೆ ಅಂತ ನೀವು ಹೋಗಿ ಕೂರುವ ಫ್ರೀಡಂ ಪಾರ್ಕ್ ಅದೇ ಜೈಲಿನ ಜಾಗ. ಅವರು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಇಂಥ ಅರ್ಜಿ ಕೇಳುವ ಅಧಿಕಾರ ನಮಗಿದೆ ಅಂದವು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಜಬಲ್ಪುರ ಎಡಿಎಂ ಪ್ರಕರಣ ಅಂತ ನಾವು ಕರೆಯೋದು ಅದನ್ನೇ.

ವಿಚಾರಣೆಯಲ್ಲಿ ಖನ್ನಾ ಕೇಳಿದ ಪ್ರಶ್ನೆ ಸರಳ: ಪೊಲೀಸನೊಬ್ಬ ದ್ವೇಷದಿಂದ ಯಾರನ್ನಾದರೂ ಕೊಂದರೆ, ಆಗಲೂ ಕೋರ್ಟು ಏನೂ ಮಾಡುವಂತಿಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಅನ್ನೋ ಅರ್ಥದ ಉತ್ತರವನ್ನೇ ಅಟಾರ್ನಿ ಜನರಲ್ ಕೊಟ್ಟರು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಮಾತು ಒಪ್ಪಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಸಂವಿಧಾನ ಕೊಟ್ಟ ದಾನ ಅಲ್ಲ, ಕಾನೂನಿನ ಆಳ್ವಿಕೆ ಇರುವ ಕಡೆ ಅದು ಇದ್ದೇ ಇರುತ್ತದೆ ಅನ್ನೋದು ಅವರ ವಾದದ ತಿರುಳು. ಬೆಲೆ ಏನಾಗಬಹುದು ಅನ್ನೋದು ಅವರಿಗೆ ಗೊತ್ತಿತ್ತು. ಹಿರಿತನದ ಪ್ರಕಾರ ಅವರಿಗೆ ಬರಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ 1977ರ ಜನವರಿಯಲ್ಲಿ ಕಿರಿಯರಾದ ಎಂ.ಎಚ್. ಬೇಗ್ ಅವರಿಗೆ ಹೋಯಿತು. ಖನ್ನಾ ರಾಜೀನಾಮೆ ಕೊಟ್ಟರು.

ಅದೇ ಜನವರಿಯಲ್ಲಿ, ಬೆಂಗಳೂರು ಜೈಲಿನಿಂದ ಬಿಡುಗಡೆಯಾದ ಕೆಲವೇ ದಿನಕ್ಕೆ ಸ್ನೇಹಲತಾ ರೆಡ್ಡಿ ತೀರಿಕೊಂಡರು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಸಿನಿಮಾ ಆದಾಗ ಚಂದ್ರಿಯ ಪಾತ್ರ ಮಾಡಿದವರು. ಆಸ್ತಮಾ ಇದ್ದ ಹೆಂಗಸನ್ನು ತಿಂಗಳುಗಟ್ಟಲೆ ಒಳಗಿಟ್ಟಾಗ ಬಾಗಿಲು ತಟ್ಟೋಕೆ ಕೋರ್ಟು ಇರಲಿಲ್ಲ. ಅಜ್ಜನ ಲೆಕ್ಕದ ಪುಸ್ತಕದಲ್ಲಿ ಈ ಪುಟ ಇಲ್ಲ, ಯಾಕಂದ್ರೆ ಪತ್ರಿಕೆಗಳು ಅದನ್ನು ಅಚ್ಚು ಹಾಕುವಂತಿರಲಿಲ್ಲ.

ಎದುರಾಳಿ ಕಡಿಮೆಯವರಾಗಿರಲಿಲ್ಲ

ಜೈಲ್ ಸಿಂಗ್ ಅವರನ್ನು ತಮಾಷೆ ಮಾಡಿ ಮುಗಿಸಿಬಿಡೋದು ಸುಲಭ. ನಾಯಕಿ ಹೇಳಿದರೆ ಪೊರಕೆ ಹಿಡಿದು ಕಸ ಗುಡಿಸಲೂ ಸಿದ್ಧ ಅನ್ನೋ ಅರ್ಥದಲ್ಲಿ ಅವರು ಆಡಿದ್ದಾಗಿ ವರದಿಯಾದ ಮಾತು ಅವರ ಬೆನ್ನಿಗೆ ಅಂಟಿಕೊಂಡಿತು. ಆದರೆ ಅವರು ಬಡಗಿ ಕುಲಕಸುಬಿನ ಕುಟುಂಬದಿಂದ ಬಂದ ಸಿಖ್. ಫರೀದ್‌ಕೋಟ್ ಸಂಸ್ಥಾನದ ವಿರುದ್ಧ ಹೋರಾಡಿ ಜೈಲು ಕಂಡವರು. ದೊಡ್ಡ ಮನೆಯ, ಇಂಗ್ಲಿಷ್ ಬಲ್ಲ ನ್ಯಾಯಮೂರ್ತಿಗಿಂತ ಅವರು ನಮಗೆ ಹತ್ತಿರದವರಲ್ಲವೇ ಅಂತ ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲ್ಲ. ಕೆ.ಆರ್. ನಾರಾಯಣನ್, ರಾಮನಾಥ ಕೋವಿಂದ್, ಮುರ್ಮು ಅವರ ವಿಷಯದಲ್ಲೂ ಇದೇ ಪ್ರಶ್ನೆ ಬಂತು. ಆ ಕುರ್ಚಿಯಲ್ಲಿ ಯಾರು ಕೂತರು ಅನ್ನೋದನ್ನ ನೋಡಿ ಒಂದು ಹಾಡಿಯ, ಕೇರಿಯ ಮಗು ತಲೆ ಎತ್ತುತ್ತದೆ ಅಂದರೆ ಅದು ಸಣ್ಣ ಮಾತಲ್ಲ. ನನ್ನ ತಕರಾರು ಇಷ್ಟೇ: ಅಲ್ಲಿಗೇ ಪ್ರಶ್ನೆ ಕೇಳೋದು ನಿಲ್ಲಿಸಬಾರದು.

ಇನ್ನೊಂದು ವಿಚಿತ್ರ ಇದೆ. 1986ರಲ್ಲಿ ಜನರ ಟಪಾಲು ತೆರೆದು ನೋಡಲು ಸರ್ಕಾರಕ್ಕೆ ವಿಶಾಲ ಅಧಿಕಾರ ಕೊಡುವ ಅಂಚೆ ತಿದ್ದುಪಡಿ ಮಸೂದೆ ಸಂಸತ್ತಿನಲ್ಲಿ ಪಾಸಾಗಿ ಜೈಲ್ ಸಿಂಗ್ ಅವರ ಮೇಜಿಗೆ ಬಂತು. ಅವರು ಸಹಿಯೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಹಾಗೇ ಇಟ್ಟುಕೊಂಡರು. ಮಸೂದೆಗೆ ಸಹಿ ಹಾಕಲು ಸಂವಿಧಾನ ಗಡುವು ಹಾಕಿಲ್ಲ ಅನ್ನೋದೇ ಅವರ ಆಯುಧ. ಆ ಮಸೂದೆ ಕಾನೂನಾಗಲೇ ಇಲ್ಲ. ನಾನು ಮತ ಹಾಕದ ಅಭ್ಯರ್ಥಿ ನನಗೆ ಬೇಕಾದ ಕೆಲಸವನ್ನೇ ಮಾಡಿದರು.

ಖನ್ನಾ ಅವರ ಕಡೆಯೂ ಎಲ್ಲ ನುಣುಪಾಗಿಲ್ಲ. 1979ರಲ್ಲಿ ಚರಣ್ ಸಿಂಗ್ ಸಂಪುಟದಲ್ಲಿ ಕಾನೂನು ಸಚಿವರಾಗಿ ಸೇರಿ ಮೂರೇ ದಿನಕ್ಕೆ ಬಿಟ್ಟುಬಂದರು. ಆ ಸರ್ಕಾರದ ತಳ ಎಷ್ಟು ಗಟ್ಟಿ ಅಂತ ಸೇರುವ ಮೊದಲೇ ನೋಡಬಹುದಿತ್ತು. ಅಲ್ಲದೆ ನ್ಯಾಯಾಧೀಶರು ನಿವೃತ್ತಿಯ ನಂತರ ಹುದ್ದೆ ಹಿಡಿಯಬಾರದು ಅಂತ ಇವತ್ತು ನಾವೆಲ್ಲ ಹೇಳ್ತೀವಿ, ಆ ಮಾತು ಇವರಿಗೂ ತಾಗುತ್ತದೆ. ನನ್ನ ಸಮಾಧಾನ ಏನಂದರೆ, ಅಧಿಕಾರದಲ್ಲಿದ್ದವರಿಗೆ ಬೇಕಾದ ತೀರ್ಪು ಕೊಟ್ಟು ಇವರು ಅಭ್ಯರ್ಥಿಯಾದದ್ದಲ್ಲ. ಗೆಲ್ಲುವ ಸಾಧ್ಯತೆಯೂ ಇರಲಿಲ್ಲ. 1982ರ ಜುಲೈನಲ್ಲಿ ಜೈಲ್ ಸಿಂಗ್ ಅವರಿಗೆ 7,54,113, ಖನ್ನಾ ಅವರಿಗೆ 2,82,685. ನೂರಕ್ಕೆ 27.

ಸಹಿ ನಮ್ಮ ಮನೆ ಬಾಗಿಲಿಗೆ ಬಂದಾಗ

‘ರಾಷ್ಟ್ರಪತಿ ಅಂದ್ರೆ ರಬ್ಬರ್ ಸ್ಟಾಂಪ್, ಯಾರಾದರೇನು ಮಾರಾಯ್ರೆ’ ಅನ್ನುವವರಿಗೆ ನಾನು 1989ರ ಏಪ್ರಿಲ್ 21ನ್ನು ನೆನಪಿಸ್ತೀನಿ. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ, ನನಗೆ ಬಹುಮತ ಇದೆ, ಸದನದಲ್ಲೇ ತೋರಿಸ್ತೀನಿ ಅಂತ ಕೇಳಿಕೊಂಡರು. ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವಕಾಶ ಕೊಡದೆ ದೆಹಲಿಗೆ ವರದಿ ಕಳಿಸಿದರು. ಕೇಂದ್ರ ಸಂಪುಟದ ಸಲಹೆಯಂತೆ ರಾಷ್ಟ್ರಪತಿ ಆರ್. ವೆಂಕಟರಾಮನ್ ಸಹಿ ಹಾಕಿದರು. ಕರ್ನಾಟಕದ ಜನ ಆರಿಸಿದ ಸರ್ಕಾರ ಹೋಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಅದು ತಪ್ಪು, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಅಂದದ್ದು 1994ರ ಮಾರ್ಚ್ 11ರಂದು. ಐದು ವರ್ಷ ತಡವಾಗಿ. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ನಡೆದು ಮೂವರು ಮುಖ್ಯಮಂತ್ರಿಗಳು ಬಂದಿದ್ದರು.

ರಾಷ್ಟ್ರಪತಿ ಆಗ ಏನು ಮಾಡಬಹುದಿತ್ತು? 1978ರ 44ನೇ ತಿದ್ದುಪಡಿಯ ನಂತರ ಸಂಪುಟದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ವಾಪಸ್ ಕಳಿಸುವ ಹಕ್ಕು ಅವರಿಗಿದೆ. ಎರಡನೇ ಸಲ ಬಂದರೆ ಒಪ್ಪಲೇಬೇಕು. ಆ ಒಂದು ಸಲದ ‘ಇನ್ನೊಮ್ಮೆ ಯೋಚಿಸಿ’ ಎಷ್ಟು ಕೆಲಸ ಮಾಡಬಹುದು ಅಂತ ತೋರಿಸಿದವರು ಕೆ.ಆರ್. ನಾರಾಯಣನ್. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ವಜಾ ಮಾಡುವ ಗುಜ್ರಾಲ್ ಸಂಪುಟದ ಶಿಫಾರಸನ್ನು ವಾಪಸ್ ಕಳಿಸಿದರು. ಮರುವರ್ಷ ಬಿಹಾರದ ರಾಬ್ಡಿ ದೇವಿ ಸರ್ಕಾರದ ವಿಷಯದಲ್ಲಿ ವಾಜಪೇಯಿ ಸಂಪುಟಕ್ಕೂ ಅದನ್ನೇ ಮಾಡಿದರು. ಎರಡೂ ಸಲ ಸರ್ಕಾರಗಳು ಹಿಂದೆ ಸರಿದವು. ಕಡತ ಕಳಿಸಿದವರ ಪಕ್ಷವೂ ಬೇರೆ, ಉಳಿದವರ ಪಕ್ಷವೂ ಬೇರೆ. ನನಗೆ ಬೇಕಾದ ರಾಷ್ಟ್ರಪತಿ ಇಂಥವರು.

ಖನ್ನಾ ಅವರನ್ನು ಕಾಲ ಸಮರ್ಥಿಸಿದ್ದರಲ್ಲೂ ಕರ್ನಾಟಕದ ಕೈ ಇದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ ಹಾಕಿದ ಅರ್ಜಿಯಿಂದ ಹುಟ್ಟಿದ ಖಾಸಗಿತನದ ತೀರ್ಪಿನಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟು 1976ರ ಬಹುಮತದ ತೀರ್ಪನ್ನು ರದ್ದು ಮಾಡಿತು. ಹಾಗೆ ಬರೆದವರು ಡಿ.ವೈ. ಚಂದ್ರಚೂಡ್. 1976ರ ನಾಲ್ವರಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡ್ ಒಬ್ಬರು. ಖನ್ನಾ 2008ರಲ್ಲೇ ತೀರಿಕೊಂಡಿದ್ದರು.

2027ಕ್ಕೆ

ರಾಷ್ಟ್ರಪತಿ ಅಭ್ಯರ್ಥಿಗೆ 50 ಸೂಚಕರು, 50 ಅನುಮೋದಕರು ಬೇಕು, ಎಲ್ಲರೂ ಸಂಸದರೋ ಶಾಸಕರೋ ಆಗಿರಬೇಕು. ಠೇವಣಿ 15,000 ರೂಪಾಯಿ. ಹಾಗಾಗಿ ನಮ್ಮ ನಿಮ್ಮ ಕಡೆಯಿಂದ ಅಭ್ಯರ್ಥಿ ಹೊರಡೋದು ಆಗದ ಮಾತು. ಹೆಸರು ಬಂದಮೇಲೆ ಅವರ ಹಳೆಯ ದಾಖಲೆ ತೆಗೆದು ನೋಡಬಹುದು. ರಾಜ್ಯಪಾಲರಾಗಿದ್ದರೆ ಮಸೂದೆಗಳನ್ನು ಏನು ಮಾಡಿದರು, ಸದನದಲ್ಲಿ ಬಹುಮತ ತೋರಿಸಲು ಯಾರಿಗೆ ಬಿಟ್ಟರು, ಯಾರಿಗೆ ಬಿಡಲಿಲ್ಲ? ಮಂತ್ರಿಯಾಗಿದ್ದರೆ ತಮ್ಮ ನಾಯಕರಿಗೆ ಯಾವತ್ತಾದರೂ ಇಲ್ಲ ಅಂದಿದ್ದಾರಾ? ನ್ಯಾಯಾಧೀಶರಾಗಿದ್ದರೆ ಒಂಟಿಯಾಗಿ ಬರೆದ ತೀರ್ಪು ಒಂದಾದರೂ ಇದೆಯಾ?

ನಮ್ಮ ಶಾಸಕರು ಆನಂದಪುರಕ್ಕೆ ರಸ್ತೆ ಗುದ್ದಲಿ ಪೂಜೆಗೋ ಮದುವೆಗೋ ಬಂದೇ ಬರುತ್ತಾರೆ. ಆಗ ಸೈಟು, ಅರಣ್ಯ ಭೂಮಿ ಹಕ್ಕುಪತ್ರ, ಅಡಿಕೆ ಕೊಳೆರೋಗದ ಪರಿಹಾರ ಕೇಳುವವರ ಸಾಲಿನಲ್ಲಿ ನಾನೂ ನಿಲ್ತೀನಿ. ನಮ್ಮ 131ನ್ನು ಯಾರಿಗೆ ಕೊಡ್ತೀರಿ, ಯಾಕೆ ಕೊಡ್ತೀರಿ ಅಂತ ಕೇಳೋದಿದೆ. ಮೇಲಿನವರು ಹೇಳಿದ ಹಾಗೆ ಅಂದರೆ, ಸ್ವಾಮಿ, ಈ ಒಂದು ಮತಕ್ಕೆ ವಿಪ್ ಇಲ್ಲ ಅಂತ ನೆನಪಿಸಬೇಕು. ಗುಪ್ತ ಮತದಾನ, ಕೊನೆಗೆ ಏನು ಬರೆದರು ಅಂತ ನಮಗೆ ತಿಳಿಯಲ್ಲ. ಕಾರಣ ಹೇಳೋಕೆ ಮಾತ್ರ ಯಾವ ಕಾನೂನೂ ಅಡ್ಡ ಬರಲ್ಲ.